ಗಾಲಿ ತಿರುಗಬೇಕು, ಆಕ್ಸಲ್ ಅಲ್ಲ

ಸೈಕಲ್ಲಿಗೆ ಮೋಟಾರು ಹಾಕಿದ ನಾಲ್ಕನೇ ದಿನ. ಬಳ್ಳಾರಿ ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿ ಎಮ್ಮೆ ಅಡ್ಡ ಬಂತು, ನಿಲ್ಲಿಸಿದೆ. ಅದು ದಾಟಿದ ಮೇಲೆ ವೇಗ ಏರಿಸುವ ಹಿಡಿ (ಥ್ರಾಟಲ್) ಪೂರ್ತಿ ತಿರುವಿದೆ. ಹಿಂದೆ ‘ಕರ್ರ್’ ಅಂತ ಸದ್ದಾಯಿತು. ಒಂದು ಸಣ್ಣ ಕಿಡಿ ಕಂಡಿತು, ಆಮೇಲೆ ಏನೂ ಇಲ್ಲ. ಇಳಿದು ನೋಡಿದರೆ ಗಾಲಿ ಇದ್ದಲ್ಲೇ ಇದೆ, ತಿರುಗಿದ್ದು ಆಕ್ಸಲ್, ಅಂದರೆ ಗಾಲಿಯ ನಡುವಿನ ಅಚ್ಚು. ಅದರ ಒಳಗಿಂದ ಬರುವ ವೈರು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಹರಿದಿತ್ತು.

ತಳ್ಳಿಕೊಂಡು ನಮ್ಮ ಪಂಚರ್ ಅಂಗಡಿ ಚಾಚಾ ಹತ್ತಿರ ಹೋದೆ. ಮೋಟಾರಿನ ಕೆಲಸ ಅವರಿಗೆ ಹೊಸದು, ಸೈಕಲ್ಲು ಹಳೆಯದು. ಸುಮ್ನೆ ಒಂದು ನಿಮಿಷ ನೋಡಿದರು. ಆಮೇಲೆ ಕೇಳಿದರು: “ಮೋಟ್ರು ಗಾಲೀನ ಮುಂದಕ್ಕೆ ತಳ್ತೈತೆ, ಸರಿ. ತಳ್ಬೇಕಾದ್ರೆ ಅದೂ ಎಲ್ಲಾದ್ರೂ ಕಾಲು ಊರ್ಬೇಕಲ್ಲ ತಮ್ಮಾ? ಎಲ್ಲಿ ಊರೈತೆ ತೋರ್ಸು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಿಟ್ಟಿನ ಜೊತೆ ಬಂದಿದ್ದ ಚೀಟಿಯಲ್ಲೂ ಇರಲಿಲ್ಲ. ಆ ಒಂದು ಪ್ರಶ್ನೆ ಹಿಡಿದುಕೊಂಡರೆ ಮೋಟಾರು ಕಿಟ್ಟಿನ ಮುಕ್ಕಾಲು ಭಾಗ ಅರ್ಥವಾಗುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಡಬ್ಬಿಯಲ್ಲಿ ಬರುವುದು ಇಷ್ಟು. ನಡುವಿನ ಹಬ್ಬಿನೊಳಗೇ ಮೋಟಾರು ಇರುವ ಒಂದು ಗಾಲಿ. ಕಂಟ್ರೋಲರ್ ಅನ್ನುವ ಅಂಗೈ ಅಗಲದ ಅಲ್ಯೂಮಿನಿಯಂ ಪೆಟ್ಟಿಗೆ. ಪೆಡಲ್ ಹತ್ತಿರ ಕೂತು ತುಳಿಯುವುದನ್ನು ಗುರುತಿಸುವ ಸೆನ್ಸರ್, ಹ್ಯಾಂಡಲ್ಲಿಗೆ ಥ್ರಾಟಲ್, ಬ್ರೇಕ್ ಹಿಡಿದ ಕೂಡಲೇ ಮೋಟಾರನ್ನು ಆರಿಸುವ ಲಿವರುಗಳು, ಮತ್ತೆ ಒಂದು ಕಟ್ಟು ವೈರು. ಬ್ಯಾಟರಿ, ಚಾರ್ಜರ್ ಬಹಳ ಸಲ ಬೇರೆ. ನಾನು ಇಲ್ಲಿ ಹೇಳುತ್ತಿರುವುದು ಈ ಕರೆಂಟಿನ ಕಿಟ್ಟಿನ ಬಗ್ಗೆ ಮಾತ್ರ. ಸೈಕಲ್ಲಿಗೆ ಪೆಟ್ರೋಲ್ ಎಂಜಿನ್ ಕಟ್ಟುವ ಕಿಟ್ಟುಗಳೂ ಇವೆ. ಆದರೆ ಮೋಟಾರು ವಾಹನ ಕಾಯ್ದೆ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಗಾಲಿಯ ಗಾಡಿಯ ಎಂಜಿನ್ 25 ಸಿಸಿ ದಾಟಿದರೆ ಅದು ಮೋಟಾರು ವಾಹನವೇ. ಆಗ ನೋಂದಣಿ, ವಿಮೆ, ಲೈಸೆನ್ಸು ಎಲ್ಲ ಬೇಕು. ಆ ಕಿಟ್ಟುಗಳಲ್ಲಿ ಹೆಚ್ಚಿನವು 25 ದಾಟಿಯೇ ಇರುತ್ತವೆ. ಆ ಗೋಜು ಬೇಡ.

ಮೊದಲು ಮೋಟಾರಿನ ಹೊಟ್ಟೆಯೊಳಗೆ ಏನಾಗುತ್ತದೆ ನೋಡೋಣ. ಆಕ್ಸಲ್ಲಿಗೆ ಅಂಟಿಕೊಂಡಂತೆ ತಾಮ್ರದ ಸುರುಳಿಗಳು ಇವೆ. ಅವು ತಿರುಗುವುದಿಲ್ಲ. ಅವುಗಳ ಸುತ್ತ ಆಯಸ್ಕಾಂತಗಳ ಉಂಗುರ ಇದೆ, ತಿರುಗುವುದು ಅದು. ಕಂಟ್ರೋಲರ್ ಮೂರು ದಪ್ಪ ವೈರುಗಳಲ್ಲಿ, ಸಾಮಾನ್ಯವಾಗಿ ಹಳದಿ, ಹಸಿರು, ನೀಲಿ, ಒಂದಾದ ಮೇಲೆ ಒಂದಕ್ಕೆ ಕರೆಂಟು ಕೊಡುತ್ತದೆ. ಸುರುಳಿ ಆಯಸ್ಕಾಂತವಾಗಿ ಉಂಗುರವನ್ನು ಎಳೆಯುತ್ತದೆ. ಅದು ಹತ್ತಿರ ಬರುವಷ್ಟರಲ್ಲಿ ಮುಂದಿನ ಸುರುಳಿ ಎಳೆಯಲು ಶುರು ಮಾಡುತ್ತದೆ.

ಇಲ್ಲಿ ಹೊತ್ತು ತಪ್ಪಬಾರದು. ನಾಗರ ಪಂಚಮಿಯ ಜೋಕಾಲಿ ನೆನಪು ಮಾಡಿಕೊಳ್ಳಿ. ಜೋಕಾಲಿ ಹಿಂದೆ ಬಂದು ಮತ್ತೆ ಮುಂದೆ ಹೊರಡುವ ಗಳಿಗೆಗೆ ಕೈ ಕೊಟ್ಟರೆ ಒಂದು ಬೆರಳೂ ಸಾಕು. ಎದುರಿಗೆ ಬರುತ್ತಿರುವಾಗ ತಳ್ಳಿದರೆ ಕೈಯೇ ಮುರಿಯುತ್ತದೆ. ಮೋಟಾರಿನೊಳಗೆ ಆ ಗಳಿಗೆ ನೋಡಿ ಹೇಳುವ ಕಣ್ಣುಗಳು ಮೂರು. ಅವಕ್ಕೆ ಹಾಲ್ ಸೆನ್ಸರ್ ಅನ್ನುತ್ತಾರೆ. ಅವುಗಳ ವೈರು ತೆಳ್ಳಗೆ, ಐದು ಎಳೆ. ಮೂರರಲ್ಲಿ ಒಂದು ಕಣ್ಣು ಕುರುಡಾದರೂ ಕಂಟ್ರೋಲರ್ ತಪ್ಪು ಹೊತ್ತಿಗೆ ತಳ್ಳುತ್ತದೆ, ಗಾಲಿ ಮುಂದೆ ಹೋಗದೆ ಜ್ವರ ಬಂದವರ ಹಾಗೆ ಗಡಗಡ ನಡುಗುತ್ತದೆ. ಆ ನಡುಕ ಕಂಡರೆ ಮೋಟಾರು ಸುಟ್ಟಿತು ಅಂದುಕೊಳ್ಳಬೇಡಿ. ಹತ್ತರಲ್ಲಿ ಬಹಳ ಸಲ ಅದು ಕನೆಕ್ಟರಿನೊಳಗೆ ಮಡಚಿಕೊಂಡ ಒಂದು ತೆಳ್ಳನೆ ಪಿನ್ನು.

250 ವ್ಯಾಟಿನ ಸಣ್ಣ ಹಬ್ಬುಗಳಲ್ಲಿ ಇನ್ನೊಂದು ಸಂಗತಿ ಇದೆ. ಆ ಉಂಗುರ ಗಾಲಿಗಿಂತ ಹಲವು ಪಟ್ಟು ಜೋರಾಗಿ ಸುತ್ತುತ್ತದೆ. ನಡುವೆ ಮೂರು ಹಲ್ಲುಗಾಲಿಗಳು ಕೂತು ವೇಗ ಇಳಿಸಿ ಬಲ ಏರಿಸುತ್ತವೆ. ಸದ್ದು ಬರಬಾರದು ಅಂತ ಆ ಹಲ್ಲುಗಾಲಿಗಳನ್ನು ಸಾಮಾನ್ಯವಾಗಿ ನೈಲಾನಿನಲ್ಲಿ ಮಾಡಿರುತ್ತಾರೆ. ಇದನ್ನು ನೆನಪಿಡಿ. ನಮ್ಮ ಎರೆ ಮಣ್ಣಿನ ಮಾತು ಬಂದಾಗ ಬೇಕಾಗುತ್ತದೆ.

ಈಗ ಚಾಚಾ ಪ್ರಶ್ನೆಗೆ ಬರೋಣ. ಸುರುಳಿ ಉಂಗುರವನ್ನು ಮುಂದಕ್ಕೆ ಎಳೆದರೆ, ಉಂಗುರ ಅಷ್ಟೇ ಬಲದಿಂದ ಸುರುಳಿಯನ್ನು ಹಿಂದಕ್ಕೆ ಎಳೆಯುತ್ತದೆ. ಸುರುಳಿ ಕೂತಿರುವುದು ಆಕ್ಸಲ್ ಮೇಲೆ. ಅಂದರೆ ಗಾಲಿಗೆ ಎಷ್ಟು ತಿರುಚು ಬಲ ಸಿಕ್ಕಿತೋ, ಆಕ್ಸಲ್ಲಿಗೆ ಅಷ್ಟೇ ಬಲ ಉಲ್ಟಾ ದಿಕ್ಕಿನಲ್ಲಿ. ಸಾಮಾನ್ಯ ಸೈಕಲ್ಲಿನಲ್ಲಿ ಇಂಥದ್ದು ಇಲ್ಲವೇ ಇಲ್ಲ. ಅಲ್ಲಿ ಆಕ್ಸಲ್ ಭಾರ ಹೊರುತ್ತದೆ, ಚೈನಿನ ಎಳೆತ ತಡೆಯುತ್ತದೆ, ಅಷ್ಟೇ. ಅದನ್ನು ಯಾರೂ ತಿರುಚುವುದಿಲ್ಲ. ಅದಕ್ಕೇ ನಮ್ಮ ಸೈಕಲ್ಲಿನ ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳನ್ನು ತಿರುಚು ತಡೆಯಲು ಮಾಡಿಲ್ಲ.

ಒಂದು ಲೆಕ್ಕ ಹಾಕೋಣ. ಇಂಥ ಮೋಟಾರು ಹೊರಡುವಾಗ ಕೊಡುವ ತಿರುಚು ಬಲ 30 ನ್ಯೂಟನ್ ಮೀಟರ್ ಆಸುಪಾಸು ಅನ್ನಿ. ಒಂದು ಮೀಟರ್ ಉದ್ದದ ಕೋಲಿನ ತುದಿಗೆ 3 ಕೆಜಿ ತೂಗು ಹಾಕಿದಷ್ಟು. ಕೇಳಲು ಏನೂ ಅಲ್ಲ. ಆದರೆ ಈ ಬಲವನ್ನು ತಡೆಯಬೇಕಾದದ್ದು ಒಂದು ಮೀಟರ್ ಕೋಲಲ್ಲ. ಆಕ್ಸಲ್ಲಿನ ಎರಡು ಪಕ್ಕ ಉಜ್ಜಿ ಚಪ್ಪಟೆ ಮಾಡಿರುತ್ತಾರೆ, ಆ ಚಪ್ಪಟೆ ಮುಖಗಳ ನಡುವಿನ ಅಂತರ ಸುಮಾರು 10 ಮಿಲಿಮೀಟರ್. ಒಂದು ಸೆಂಟಿಮೀಟರಿನ ಕೋಲು. ಮೀಟರಿಗೆ 3 ಕೆಜಿ ಅಂದರೆ ಸೆಂಟಿಮೀಟರಿಗೆ 300 ಕೆಜಿ! ನೂರು ಕೆಜಿಯ ಮೂರು ಅಕ್ಕಿ ಚೀಲದ ಭಾರ, ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ. ಪ್ರತಿ ಸಲ ಹೊರಡುವಾಗಲೂ. ನಟ್ಟು ಸ್ವಲ್ಪ ಸಡಿಲ ಇದ್ದರೆ ಆಕ್ಸಲ್ ದಿನಾ ಒಂದು ಕೂದಲೆಳೆಯಷ್ಟು ಅಲ್ಲಾಡುತ್ತದೆ, ಸೀಳಿನ ಅಂಚುಗಳನ್ನು ತಿನ್ನುತ್ತದೆ. ಒಂದು ದಿನ ಪೂರ್ತಿ ತಿರುಗುತ್ತದೆ. ನನ್ನದು ನಾಲ್ಕೇ ದಿನಕ್ಕೆ ತಿರುಗಿತು, ಯಾಕೆಂದರೆ ನಾನು ನಟ್ಟನ್ನು ಬಿಗಿ ಮಾಡಿದ್ದು ಕೈಗೆ ಸಿಕ್ಕ ಪುಟ್ಟ ಪಾನಾದಲ್ಲಿ.

ಇದಕ್ಕೆ ಮದ್ದು ಟಾರ್ಕ್ ಆರ್ಮ್ ಅನ್ನುವ ಒಂದು ಉಕ್ಕಿನ ಪಟ್ಟಿ. ಒಂದು ತುದಿಯಲ್ಲಿ ಆಕ್ಸಲ್ಲಿನ ಚಪ್ಪಟೆ ಮುಖಕ್ಕೆ ಸರಿಯಾಗಿ ಕೂರುವ ತೂತು, ಇನ್ನೊಂದು ತುದಿ ಫ್ರೇಮಿನ ಪೈಪಿಗೆ ಬಿಗಿ. ಕೋಲಿನ ಉದ್ದ 10 ಸೆಂಟಿಮೀಟರ್ ಆಯಿತು ಅಂದರೆ 300 ಕೆಜಿ ಹೋಗಿ 30 ಕೆಜಿ ಆಯಿತು. ಅಷ್ಟನ್ನು ಪೈಪು ಆರಾಮಾಗಿ ತಡೆಯುತ್ತದೆ. ಕಿಟ್ಟಿನಲ್ಲಿ ಇದು ಬರದಿದ್ದರೆ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ 5 ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಲ್ಲಿ ಮಾಡಿಸಬಹುದು. ಆದರೆ ತೂತು ಆಕ್ಸಲ್ಲಿಗೆ ಬಿಗಿಯಾಗಿ ಕೂರಬೇಕು. ಅದಕ್ಕೆ ತೂತನ್ನು ಸ್ವಲ್ಪ ಸಣ್ಣದಾಗೇ ಕೊರೆಸಿ, ಅರ ಹಿಡಿದು ಕೈಯಲ್ಲೇ ಉಜ್ಜಿ ಉಜ್ಜಿ ನೋಡುತ್ತಾ ಕೂರಿಸಬೇಕು. ಚಾಚಾ ನನ್ನ ಪಟ್ಟಿಯನ್ನು ಹಾಗೆ ಕೂರಿಸಲು ಒಂದು ಮಧ್ಯಾಹ್ನ ತೆಗೆದುಕೊಂಡರು. ಮೋಟಾರು ಗಾಲಿ ಹಾಕಲು ಅರ್ಧ ಗಂಟೆ ಸಾಕಾಗಿತ್ತು.

ಕಿಟ್ಟಿನ ಜೊತೆ ನಾಲಿಗೆಯಂಥ ಮುಂಚಾಚು ಇರುವ ವಾಷರ್ ಕೂಡ ಬರುತ್ತದೆ. ಆ ನಾಲಿಗೆ ಆಕ್ಸಲ್ ಕೂರುವ ಸೀಳಿನೊಳಗೆ ಹೋಗಬೇಕು. ಬಹಳ ಜನ ಅದನ್ನು ಹೊರಗೆ ತಿರುಗಿಸಿ ಸುಮ್ನೆ ನಟ್ಟಿನ ಕೆಳಗೆ ಹಾಕುತ್ತಾರೆ. ಹಾಗೆ ಹಾಕಿದರೆ ಅದು ನಟ್ಟನ್ನೂ ಸರಿಯಾಗಿ ಕೂರಲು ಬಿಡುವುದಿಲ್ಲ.

ಮುಂದಿನ ಗಾಲಿಗೆ ಹಾಕುವ ಕಿಟ್ಟೂ ಸಿಗುತ್ತದೆ, ಜೋಡಿಸುವುದು ಸುಲಭ, ಚೈನಿನ ತಂಟೆ ಇಲ್ಲ. ಆದರೂ ನಾನು ಬೇಡ ಅನ್ನುತ್ತೇನೆ. ಈಗಿನ ಸ್ಪ್ರಿಂಗ್ ಫೋರ್ಕುಗಳ ತುದಿ ಬಹಳ ಸಲ ಅಲ್ಯೂಮಿನಿಯಂ. ಉಕ್ಕು ಬಗ್ಗಿ ಮುನ್ಸೂಚನೆ ಕೊಡುತ್ತದೆ, ಅಲ್ಯೂಮಿನಿಯಂ ಫಟ್ ಅಂತ ಮುರಿಯುತ್ತದೆ. ಹಿಂದಿನ ಗಾಲಿ ಕಳಚಿದರೆ ಕೂತಲ್ಲೇ ಕೆಳಗಿಳಿಯುತ್ತೀರಿ. ಮುಂದಿನದು ಕಳಚಿದರೆ ಮುಖವೇ ನೆಲಕ್ಕೆ, ಅಲ್ವಾ?

ಯಾವ ಸೈಕಲ್ಲಿಗೆ ಹಾಕಬೇಕು ಅನ್ನುವುದೂ ಇಲ್ಲೇ ಬರುತ್ತದೆ. ನನಗೆ ಅಪ್ಪನ ಕರಿ ಸೈಕಲ್ಲಿಗೇ ಹಾಕಬೇಕು ಅಂತ ಆಸೆ ಇತ್ತು. ದಪ್ಪ ಉಕ್ಕು, ಭಾರ ಹೊರುವ ಕ್ಯಾರಿಯರ್, ಎಲ್ಲ ಇದೆ. ಆದರೆ ಹಿಂದಿನ ಗಾಲಿಯ ಕಿಟ್ಟುಗಳ ಅಗಲ ಸಾಮಾನ್ಯವಾಗಿ 135 ಮಿಲಿಮೀಟರ್. ಕರಿ ಸೈಕಲ್ಲಿನ ಹಿಂದಿನ ಸಂದು ಅದಕ್ಕಿಂತ ಕಿರಿದು. ಉಕ್ಕಾದ್ದರಿಂದ ಎಳೆದು ಅಗಲ ಮಾಡಬಹುದು, ಎರಡೂ ಪಕ್ಕ ಸಮ ಎಳೆಯದಿದ್ದರೆ ಗಾಲಿ ಸೊಟ್ಟ ಕೂರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬ್ರೇಕಿನದು. ಅದರ ಕಂಬಿ ಬ್ರೇಕು ರಿಮ್ಮಿನ ಒಳಮೈಗೆ ಒತ್ತುತ್ತದೆ. ಕಿಟ್ಟಿನ ಅಲ್ಯೂಮಿನಿಯಂ ರಿಮ್ಮಿಗೆ ಆ ಒಳಮೈ ಆಕಾರವೇ ಇಲ್ಲ. ಹಳೆ ರಿಮ್ಮಿಗೇ ಹೊಸ ಕಡ್ಡಿ ಕಟ್ಟಿ ಮೋಟಾರು ಕೂರಿಸಬೇಕು, ಅದು ಪಳಗಿದ ಕೈಯ ಕೆಲಸ. ಕೊನೆಗೆ ನಾನು 26 ಇಂಚಿನ ಉಕ್ಕಿನ ಫ್ರೇಮಿನ, ಹಿಂದೆ ಮುಂದೆ ಒಳ್ಳೆ ಬ್ರೇಕಿರುವ ಸೆಕೆಂಡ್ ಹ್ಯಾಂಡ್ ಸೈಕಲ್ಲು ತಂದೆ. ಅಪ್ಪನ ಸೈಕಲ್ಲು ಹಾಗೇ ಇದೆ.

ಬ್ರೇಕಿನ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ತುಳಿದು ಹೋಗುವಾಗ ನಮ್ಮ ವೇಗ ಗಂಟೆಗೆ 15 ಕಿಲೋಮೀಟರ್ ಇರುತ್ತದೆ ಅನ್ನಿ. ಮೋಟಾರಿನಲ್ಲಿ 25. ಹೆಚ್ಚಾದದ್ದು ಬರೀ 10 ಅನ್ನಿಸುತ್ತದೆ. ಆದರೆ ಓಡುವ ವಸ್ತುವಿನ ಶಕ್ತಿ ವೇಗದ ವರ್ಗದ ಹಾಗೆ ಏರುತ್ತದೆ. 25ರ ವರ್ಗ 625, 15ರ ವರ್ಗ 225. ಬ್ರೇಕು ನುಂಗಬೇಕಾದ ಶಕ್ತಿ ಎರಡೂ ಮುಕ್ಕಾಲು ಪಟ್ಟು. ಮೇಲೆ ಬ್ಯಾಟರಿ, ಮೋಟಾರಿನ ಭಾರ ಬೇರೆ. ಕಿಟ್ಟಿಗೆ ಕೊಡುವ ದುಡ್ಡಿನಲ್ಲಿ ಮೊದಲ ಪಾಲು ಹೊಸ ಬ್ರೇಕ್ ರಬ್ಬರಿಗೆ, ಹೊಸ ಕೇಬಲ್ಲಿಗೆ ಹೋಗಬೇಕು.

250 ವ್ಯಾಟ್ ಸಾಕಾ? ಅಂಗಡಿಯವರು 350, 500 ತಗೊಳ್ಳಿ ಅನ್ನುತ್ತಾರೆ. ನಮ್ಮೂರ ಕಡೆ ನೆಲ ಹೆಚ್ಚು ಕಡಿಮೆ ಸಪಾಟು. ಸವಾರ, ಸೈಕಲ್ಲು, ಕಿಟ್ಟು ಸೇರಿ 95 ಕೆಜಿ ಅಂತ ಹಿಡಿದರೆ, ಗಾಳಿ ಇಲ್ಲದ ದಿನ ಡಾಂಬರು ರಸ್ತೆಯಲ್ಲಿ 20ರ ವೇಗಕ್ಕೆ ಗಾಲಿಗೆ ಬೇಕಾದದ್ದು ಸುಮಾರು 100 ವ್ಯಾಟ್. 25ಕ್ಕೆ ಸುಮಾರು 160. ಬರೀ 5 ಕಿಲೋಮೀಟರ್ ಹೆಚ್ಚಿಗೆ ಒಂದೂವರೆ ಪಟ್ಟು ಶಕ್ತಿ, ಯಾಕೆಂದರೆ ತಡೆಯುವುದು ರಸ್ತೆಗಿಂತ ಜಾಸ್ತಿ ಗಾಳಿ. ಆಷಾಢದ ಗಾಳಿಗೆ ಎದುರಾಗಿ ಸಿರುಗುಪ್ಪ ರಸ್ತೆಯಲ್ಲಿ ತುಳಿದವರಿಗೆ ಇದನ್ನು ಹೇಳಬೇಕಾಗಿಲ್ಲ. 10 ಕಿಲೋಮೀಟರ್ ವೇಗದ ಎದುರುಗಾಳಿ ಬಂದರೆ 20ರಲ್ಲಿ ಹೋಗಲೂ 170 ವ್ಯಾಟ್ ಹತ್ತಿರ ಬೇಕು. ಆದರೂ 250ರ ಒಳಗೇ ಇದೆ, ಜೊತೆಗೆ ನಿಮ್ಮ ಕಾಲೂ ಇದೆ. ದೊಡ್ಡ ಮೋಟಾರು ಅಂದರೆ ಆಕ್ಸಲ್ಲಿನ ಮೇಲೆ ಆ ಮೂರು ಚೀಲ ಆರಾಗಲೂಬಹುದು, ನೆನಪಿರಲಿ.

ಕಾನೂನು ಕೂಡ ಇಲ್ಲೇ ಗೆರೆ ಎಳೆದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಪೆಡಲ್ ಇರುವ ಸೈಕಲ್ಲಿಗೆ ಸಹಾಯಕ್ಕೆ ಹಾಕಿದ ಮೋಟಾರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟಿಗಿಂತ ಕಡಿಮೆ ಇದ್ದು, ವೇಗ ಏರಿದ ಹಾಗೆ ಅದು ಇಳಿಯುತ್ತಾ ಬಂದು 25 ಕಿಲೋಮೀಟರಿಗೆ ಪೂರ್ತಿ ಆರಿಹೋಗುವಂತಿದ್ದರೆ, ತುಳಿಯುವುದು ನಿಲ್ಲಿಸಿದರೆ ಅದಕ್ಕೂ ಮುಂಚೆ ನಿಲ್ಲುವಂತಿದ್ದರೆ ಅದು ಮೋಟಾರು ವಾಹನ ಅಲ್ಲ. ಸರಿಯಾದ ಬ್ರೇಕು, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು ಅಂತಲೂ ಇದೆ. ತುಳಿಯದೆ ಬರೀ ಥ್ರಾಟಲ್ಲಿನಲ್ಲೇ ಓಡಿಸುವ ಸೈಕಲ್ಲು ಈ ಮಾತಿನೊಳಗೆ ಕೂರುವುದಿಲ್ಲ. ಆಕ್ಸಲ್ ತಿರುಗಿದ ಆ ಘಟನೆ ಆದ ಮೇಲೆ ನಾನು ಥ್ರಾಟಲ್ ಬಿಚ್ಚಿಟ್ಟು ಪೆಡಲ್ ಸೆನ್ಸರ್ ಒಂದನ್ನೇ ಉಳಿಸಿಕೊಂಡೆ.

ಅದರಿಂದ ಕಾನೂನಿಗಿಂತ ದೊಡ್ಡ ಲಾಭ ಬೇರೆ ಇದೆ. ಕೊಪ್ಪಳದ ಗವಿಮಠದ ತೇರು ನೋಡಿದ್ದೀರಲ್ಲ? ನಿಂತ ತೇರು ಹಗ್ಗ ಎಳೆದ ಮಾತ್ರಕ್ಕೆ ಕದಲುವುದಿಲ್ಲ, ಗಾಲಿಗೆ ಸನ್ನೆ ಹಾಕಿ ಎತ್ತಿ ಕೊಡಬೇಕು. ಒಂದು ಸಲ ಕದಲಿದರೆ ಆಮೇಲೆ ಅದೇ ಬರುತ್ತದೆ. ಮೋಟಾರಿಗೂ ಹಾಗೆ. ನಿಂತ ಗಾಲಿಗೆ ಕರೆಂಟು ಕೊಟ್ಟರೆ ಅದರಲ್ಲಿ ಹೆಚ್ಚಿನ ಪಾಲು ಸುರುಳಿಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಪೆಡಲ್ ಸೆನ್ಸರ್ ಇದ್ದರೆ ಮೊದಲ ಅರ್ಧ ಸುತ್ತು ನಿಮ್ಮ ಕಾಲಿನದೇ. ಸನ್ನೆ ನೀವು ಹಾಕಿದ್ದೀರಿ, ಎಳೆಯುವುದು ಮೋಟಾರು. ಆಕ್ಸಲ್ಲಿಗೂ, ಕಂಟ್ರೋಲರಿಗೂ, ಬ್ಯಾಟರಿಗೂ ಉಸಿರಾಡಲು ಆಗುತ್ತದೆ.

ಬ್ಯಾಟರಿಯ ಲೆಕ್ಕ ಸರಳ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 36 ವೋಲ್ಟ್, 10 ಆಂಪಿಯರ್ ಅವರ್ ಅಂದರೆ 360 ವ್ಯಾಟ್ ಅವರ್. ಸ್ವಲ್ಪ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 10 ವ್ಯಾಟ್ ಅವರ್ ಲೆಕ್ಕ ಹಿಡಿಯಿರಿ. ಪೂರ್ತಿ ಖಾಲಿ ಮಾಡಬಾರದು, ಹಾಗಾಗಿ ಕೈಗೆ ಸಿಗುವುದು 30 ಕಿಲೋಮೀಟರ್. ಜೀನ್ಸ್ ಹೊಲಿಯುವ ಕೆಲಸಕ್ಕೆ ಊರೊಳಗೆ ಹೋಗಿ ಬರುವವರಿಗೆ ಎರಡು ಮೂರು ದಿನ ಬಂತು. ಚಾರ್ಜಿಗೆ ಅರ್ಧ ಯೂನಿಟ್ಟಿಗಿಂತ ಕಡಿಮೆ ಕರೆಂಟು. ಹೊಗೆ ಇಲ್ಲದ ಗಾಡಿ ಅಂತ ಬೀಗುವ ಮುಂಚೆ ಒಂದು ಸಲ ಕುಡತಿನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ನೋಡಿ ಬರಬೇಕು, ಅದು ಬೇರೆ ಮಾತು.

ಸೀಸದ ಬ್ಯಾಟರಿ ಅಗ್ಗ. ಆದರೆ 12 ವೋಲ್ಟಿನ, 12 ಆಂಪಿಯರ್ ಅವರ್‌ನ ಮೂರು ಬ್ಯಾಟರಿಗೇ 12 ಕೆಜಿ ಹತ್ತಿರ ಆಗುತ್ತದೆ. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತವೆ. ಲಿಥಿಯಂ ಅದರ ಕಾಲು ಭಾಗದ ತೂಕ. ಅದಕ್ಕೆ ಬೇರೆಯದೇ ಒಂದು ವೈರಿ ಇದೆ, ನಮ್ಮೂರ ಬಿಸಿಲು.

ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಅದು ನೆರಳಿನ ಲೆಕ್ಕ. ಬಿಸಿಲಲ್ಲಿ ನಿಲ್ಲಿಸಿದ ಸೈಕಲ್ಲಿನ ಕರಿ ಚೀಲದೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಲಿಥಿಯಂ ಸೆಲ್ಲಿಗೆ 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು ಅನ್ನುವುದು ಸಾಮಾನ್ಯ ಮಿತಿ. ಮಧ್ಯಾಹ್ನ ಮನೆಗೆ ಬಂದ ಕೂಡಲೇ ಪ್ಲಗ್ಗು ಚುಚ್ಚುತ್ತೇವಲ್ಲ, ಅದೇ ತಪ್ಪು. ಬ್ಯಾಟರಿ ಬಿಚ್ಚಿ, ಒಳಗೆ ತಂದು, ಮುಟ್ಟಿದರೆ ತಣ್ಣಗೆ ಅನ್ನಿಸುವ ತನಕ ಬಿಡಿ. ನಾನು ಬೆಳಗಿನ ಜಾವ ಎದ್ದ ಕೂಡಲೇ ಚಾರ್ಜಿಗೆ ಹಾಕುತ್ತೇನೆ. 2 ಆಂಪಿಯರ್ ಚಾರ್ಜರ್‌ಗೆ ಪೂರ್ತಿ ತುಂಬಲು ಐದಾರು ಗಂಟೆ ಬೇಕು, ಆದರೆ ದಿನಾ ಪೂರ್ತಿ ಖಾಲಿ ಆಗುವುದಿಲ್ಲವಲ್ಲ. ರಾತ್ರಿ ಎಲ್ಲರೂ ಮಲಗಿರುವಾಗ, ಹಾಸಿಗೆ ಹತ್ತಿರ, ಬಾಗಿಲಿನ ದಾರಿಯಲ್ಲಿ ಚಾರ್ಜಿಗೆ ಹಾಕುವುದನ್ನು ಮಾತ್ರ ಬೇಡವೇ ಬೇಡ ಅನ್ನುತ್ತೇನೆ. ಲಿಥಿಯಂ ಹೊತ್ತಿದರೆ ಒಂದು ಕೊಡ ನೀರಿಗೆ ಆರುವ ಬೆಂಕಿ ಅಲ್ಲ. ಊರಿಗೆ ಹೋಗಿ ತಿಂಗಳು ಬಿಡುವುದಿದ್ದರೆ ಅರ್ಧ ಚಾರ್ಜ್ ಇಟ್ಟು ಬಿಡಿ. ಪೂರ್ತಿ ತುಂಬಿ ಸೆಕೆಯಲ್ಲಿಟ್ಟರೆ ಸೆಲ್ಲು ಬೇಗ ಮುದಿಯಾಗುತ್ತದೆ.

36 ವೋಲ್ಟಿನ ಪ್ಯಾಕಿನಲ್ಲಿ ಸಾಮಾನ್ಯವಾಗಿ ಹತ್ತು ಸೆಲ್ಲುಗಳ ಸಾಲು ಇರುತ್ತದೆ, ತುಂಬಿದಾಗ ತಲಾ 4.2 ವೋಲ್ಟ್, ಒಟ್ಟು 42. ಹತ್ತು ಎತ್ತು ಕಟ್ಟಿದ ಬಂಡಿ ಅಂದುಕೊಳ್ಳಿ, ಒಂದು ಎತ್ತು ಸುಸ್ತಾದರೆ ಬಂಡಿ ನಿಲ್ಲಬೇಕು. ಕಾವಲಿಗೆ ಒಳಗೆ ಬಿಎಂಎಸ್ ಅನ್ನುವ ಸಣ್ಣ ಸರ್ಕಿಟ್ ಇದೆ. ಒಂದು ಸೆಲ್ಲು ಮಿತಿಗಿಂತ ಕೆಳಗಿಳಿದರೂ ಅದು ಪೂರ್ತಿ ಕರೆಂಟು ಕಡಿಯುತ್ತದೆ. ಮೀಟರಿನಲ್ಲಿ ಚಾರ್ಜ್ ಇದ್ದರೂ ಏರು ಹತ್ತುವಾಗ ಮೋಟಾರು ಫಕ್ಕನೆ ಆರಿದರೆ ಬಹಳ ಸಲ ಕಾರಣ ಇದೇ. ಹೆಚ್ಚಿನ ಬಿಎಂಎಸ್‌ಗಳು ಸೆಲ್ಲುಗಳನ್ನು ಸಮ ಮಾಡುವುದು ಪೂರ್ತಿ ತುಂಬುವ ಹೊತ್ತಿಗೆ ಮಾತ್ರ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಹಸಿರು ದೀಪ ಬಂದ ಮೇಲೂ ಒಂದೆರಡು ಗಂಟೆ ಚಾರ್ಜರ್ ಹಾಗೇ ಬಿಡಿ, ಎದುರಿಗೆ ನೀವಿರುವಾಗ.

ವೈರಿನ ಜೋಡಣೆ ಬಗ್ಗೆ ನನಗೆ ಸ್ವಲ್ಪ ಕೋಪ ಇದೆ, ಯಾಕೆಂದರೆ ನೋಡಿದ ಕಿಟ್ಟುಗಳಲ್ಲಿ ಅರ್ಧಕ್ಕೆ ಎರಡು ವೈರು ಹೊಸೆದು ಮೇಲೆ ಟೇಪು ಸುತ್ತಿರುತ್ತಾರೆ. ಮನೆಯ ಫ್ಯಾನಿಗೆ ಒಂದು ಆಂಪಿಯರಿನ ಅರ್ಧವೂ ಬೇಡ, ಅಲ್ಲಿ ಅದು ನಡೆಯುತ್ತದೆ. ಇಲ್ಲಿ ವೋಲ್ಟ್ ಕಡಿಮೆ, ಆಂಪಿಯರ್ ಜಾಸ್ತಿ. ಕಂಟ್ರೋಲರ್ 15 ಆಂಪಿಯರ್ ಎಳೆಯುವಾಗ ಒಂದು ಸಡಿಲ ಜೋಡಣೆಯಲ್ಲಿ ಬರೀ 0.1 ಓಮ್ ತಡೆ ಇದ್ದರೂ ಅಲ್ಲಿ 22 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಅಂದರೆ ನಿಮ್ಮ ಬ್ಯಾಟರಿ ಚೀಲದೊಳಗೆ ಒಂದು ಕಾದ ಕಡ್ಡಿ ಇಟ್ಟುಕೊಂಡು ಓಡಾಡುತ್ತಿದ್ದೀರಿ. ಸೋಲ್ಡರ್ ಹಾಕಿಸಿ ಇಲ್ಲವೇ ಒತ್ತಿ ಕೂರಿಸುವ ಒಳ್ಳೆ ಕನೆಕ್ಟರ್ ಹಾಕಿಸಿ. ಬ್ಯಾಟರಿಯಿಂದ ಹೊರಟ ವೈರಿಗೆ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸು ಇರಲಿ. ದೂರ ಓಡಿಸಿ ಬಂದ ಮೇಲೆ ಸ್ವಿಚ್ಚು ಆರಿಸಿ ಪ್ರತಿ ಕನೆಕ್ಟರನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಬಿಸಿ ಇರುವುದು ಯಾವುದೋ ಅದೇ ಮುಂದೆ ಕರಗುವುದು.

ಇನ್ನು ಎರೆ ಮಣ್ಣು. ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಸೈಕಲ್ಲು ನಡೆಸಿದವರಿಗೆ ಗೊತ್ತು, ಹತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ದಂಡೆಯಲ್ಲೂ ಇದೇ ಕಥೆ. ತುಳಿಯುವ ಸೈಕಲ್ಲಾದರೆ ನಮಗೆ ಆಗದು ಅಂತ ಇಳಿಯುತ್ತೇವೆ. ಮೋಟಾರಿಗೆ ಇಳಿಯಲು ಬರುವುದಿಲ್ಲ. ಗಾಲಿ ಕಚ್ಚಿಕೊಂಡಿದ್ದರೂ ತಳ್ಳುತ್ತಲೇ ಇರುತ್ತದೆ. ಆ ಬಲ ಎಲ್ಲಿಗೆ ಹೋಗಬೇಕು? ಒಂದಿಷ್ಟು ಶಾಖವಾಗಿ ಸುರುಳಿಗೆ, ಕಂಟ್ರೋಲರಿಗೆ. ಉಳಿದದ್ದು ಆ ನೈಲಾನ್ ಹಲ್ಲುಗಳ ಮೇಲೆ. ಮೊದಲೇ ಕಾದ ಹಲ್ಲು ಮೆತ್ತಗಾಗಿ ತೇಯುತ್ತದೆ. ಆಮೇಲೆ ಒಣ ರಸ್ತೆಯಲ್ಲೂ ಮೋಟಾರು ‘ಕಟಕಟ’ ಅನ್ನುತ್ತದೆ, ಗಾಲಿಗೆ ಬಲ ಬರುವುದಿಲ್ಲ. ಹಲ್ಲುಗಾಲಿ ಬದಲಿಸಬಹುದು, ಮೋಟಾರು ಹೋಗಿರುವುದಿಲ್ಲ. ಆದರೆ ಕೆಸರಿನಲ್ಲಿ ಸ್ವಿಚ್ಚು ಆರಿಸಿ ತಳ್ಳಿಕೊಂಡು ಹೋಗುವುದು ಎಷ್ಟೋ ವಾಸಿ. ಕೆಸರು ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಹಬ್ಬಿನ ಕಡೆ ಹಿಡಿಯಬೇಡಿ. ಆಕ್ಸಲ್ಲಿನಿಂದ ವೈರು ಹೊರಬರುವ ತೂತಿನಲ್ಲಿ ನೀರು ಒಳಗೆ ಹೋಗುತ್ತದೆ. ಆ ವೈರನ್ನು ಮೊದಲು ಸ್ವಲ್ಪ ಕೆಳಗೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಬೇಕು. ಮಳೆಯ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೆಟ್ಟಾಗ ತಪ್ಪು ಯಾವುದರದು ಅಂತ ಹುಡುಕಲು ಒಂದು ಉಪಾಯ, ಮೀಟರೂ ಬೇಡ. ಬ್ಯಾಟರಿ ಬಿಚ್ಚಿ ಗಾಲಿಯನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ. ಹಿಂದಕ್ಕೇ ತಿರುಗಿಸಬೇಕು, ಯಾಕೆಂದರೆ ಹಲ್ಲುಗಾಲಿ ಇರುವ ಹಬ್ಬಿನಲ್ಲಿ ಮುಂದಕ್ಕೆ ತಿರುಗಿಸಿದರೆ ಮೋಟಾರು ಜೊತೆಗೆ ಬರುವುದಿಲ್ಲ. ಸ್ವಲ್ಪ ಬಿಗಿ ಇರುವುದು ಸಹಜ. ತಡೆದು ತಡೆದು, ಜಗ್ಗಿ ಹಿಡಿದ ಹಾಗೆ ಅನ್ನಿಸಿದರೆ ಮೋಟಾರಿನ ಕನೆಕ್ಟರ್ ಬಿಚ್ಚಿ ಮತ್ತೆ ತಿರುಗಿಸಿ. ಈಗ ಹಗುರ ಆಯಿತಾ? ಕಂಟ್ರೋಲರ್ ಒಳಗೆ ಸುಟ್ಟಿದೆ. ಹಗುರ ಆಗಲಿಲ್ಲವಾ? ಮೋಟಾರಿನ ವೈರುಗಳೇ ಒಂದಕ್ಕೊಂದು ತಾಗಿವೆ. ನನ್ನದರಲ್ಲಿ ಎರಡೂ ಆಗಿತ್ತು. ವೈರು ತಿರುಚಿ ತಾಗಿತು, ತಾಗಿದ್ದಕ್ಕೆ ಕಂಟ್ರೋಲರ್ ಹೋಯಿತು.

ಹೊಸದಾಗಿ ಹಾಕಿದ ಮೇಲೆ ಮೊದಲ ದಿನದ ಸವಾರಿ ಮುಗಿಸಿ ಆಕ್ಸಲ್ ನಟ್ಟಿಗೆ ಮತ್ತೆ ಪಾನಾ ಹಾಕಿ, ಉದ್ದ ಹಿಡಿಯ ಪಾನಾ. ಒಂದು ವಾರಕ್ಕೆ ಇನ್ನೊಂದು ಸಲ. ಆಮೇಲೆ ತಿಂಗಳಿಗೊಮ್ಮೆ ಸಾಕು. ನಟ್ಟಿನ ಮೇಲೂ ಫ್ರೇಮಿನ ಮೇಲೂ ಸೇರಿ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಸರಿದಿದ್ದರೆ ನಿಂತಲ್ಲೇ ಗೊತ್ತಾಗುತ್ತದೆ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಕಡ್ಡಿಗಳನ್ನು ಬಿಗಿ ಮಾಡಿಸಿ ಗಾಲಿಯ ಸೊಟ್ಟು (ಔಟ್) ತೆಗೆಸಿ. ಮೋಟಾರು ಹಬ್ಬು ದಪ್ಪ, ಕಡ್ಡಿ ಗಿಡ್ಡ, ಹೊಸ ಕಡ್ಡಿಗಳು ಬಲ ಬಿದ್ದಂತೆ ಸಡಿಲ ಆಗುತ್ತವೆ. ಒಂದು ಕಡ್ಡಿ ಮುರಿದರೆ ಅದರ ಪಾಲು ಪಕ್ಕದವುಗಳ ಮೇಲೆ ಬೀಳುತ್ತದೆ, ವಾರದಲ್ಲಿ ಇನ್ನೆರಡು ಮುರಿಯುತ್ತವೆ. ಚೈನಿಗೆ ಸಂಡೂರು ಕಡೆಯ ಕೆಂಪು ಧೂಳು ಹತ್ತಿದ್ದರೆ ಒರೆಸಿ ಆಮೇಲೆ ಎಣ್ಣೆ ಹಾಕಿ. ಧೂಳಿನ ಮೇಲೇ ಹಾಕಿದರೆ ಅದು ಉಜ್ಜುವ ಪುಡಿಯಾಗುತ್ತದೆ.

ಕೊನೆಗೆ ಪಂಚರ್. ಬಳ್ಳಾರಿ ಜಾಲಿ ಅಂತ ಊರಿನ ಹೆಸರೇ ಹೊತ್ತ ಗಿಡ ಇರುವ ನಾಡಿದು, ರಸ್ತೆ ಪಕ್ಕ ಇಳಿದರೆ ಮುಳ್ಳು ಗ್ಯಾರಂಟಿ. ಮೋಟಾರು ಗಾಲಿ ಬಿಚ್ಚಬೇಕಲ್ಲ ಅಂತ ಬಹಳ ಜನ ಹೆದರುತ್ತಾರೆ. ಬಿಚ್ಚಬೇಕಾಗಿಲ್ಲ. ನಮ್ಮ ಪಂಚರ್ ಅಂಗಡಿಗಳಲ್ಲಿ ಮೊದಲಿನಿಂದಲೂ ಗಾಲಿ ಇದ್ದಲ್ಲೇ ಟಯರಿನ ಒಂದು ಪಕ್ಕ ಎತ್ತಿ, ಟ್ಯೂಬು ಹೊರಗೆಳೆದು ತೇಪೆ ಹಾಕುತ್ತಾರೆ. ಅದೇ ಸಾಕು. ಟಯರು, ಟ್ಯೂಬು ಬದಲಿಸುವಾಗ ಮಾತ್ರ ಬಿಚ್ಚಬೇಕು. ಆಗ ಮೊದಲು ಆಕ್ಸಲ್ ಹತ್ತಿರದ ಕನೆಕ್ಟರ್ ಎಳೆಯಿರಿ. ಅದರ ಎರಡೂ ಭಾಗದ ಮೇಲೆ ಬಾಣದ ಗುರುತು ಇರುತ್ತದೆ. ಮತ್ತೆ ಹಾಕುವಾಗ ಬಾಣಕ್ಕೆ ಬಾಣ ಕೂಡಿಸಿ ನೇರವಾಗಿ ಒತ್ತಬೇಕು, ತಿರುಚಬಾರದು. ತಿರುಚಿದರೆ ಆ ತೆಳ್ಳನೆ ಪಿನ್ನು ಮಡಚುತ್ತದೆ, ಗಾಲಿ ಗಡಗಡ ನಡುಗುತ್ತದೆ. ಚಾಚಾ ಈಗ ನನ್ನ ಸೈಕಲ್ಲಿಗೆ ಗಾಳಿ ಹಾಕುವ ಮುಂಚೆಯೇ ಒಂದು ಸಲ ಬಗ್ಗಿ ಆ ಬಣ್ಣದ ಗೆರೆ ನೋಡುತ್ತಾರೆ. “ಕಾಲು ಗಟ್ಟಿ ಐತೆ,” ಅನ್ನುತ್ತಾರೆ, ಆಮೇಲೆ ಪಂಪು ಎತ್ತಿಕೊಳ್ಳುತ್ತಾರೆ.